ಟೀಚರ್ ಆಗಿದ್ದ ಅಜ್ಜಿಯ ಬಗ್ಗೆ ಏನೇನು ಬರೆದಿಡಲಿ?

ನಿಮ್ಮ ಅಜ್ಜಿ ಹೋದ ತಿಂಗಳು ತೀರಿಕೊಂಡರು, ಟೀಚರ್ ಆಗಿದ್ದರು, ಮನೆಗೂ ಅವರೇ ಹಿರಿಯರು, ಅವರ ಬಗ್ಗೆ ಏನೇನು ಬರೆದಿಡಲಿ ಅಂತ ಕೇಳಿದ್ದೀರಿ. ಕೆಲಸಕ್ಕೆ ಸೇರಿದ ದಿನ, ರಿಟೈರ್ ಆದ ದಿನ ಎಲ್ಲ ಪೆನ್ಷನ್ ಕಾಗದದಲ್ಲಿ ಇರುತ್ತದೆ, ಅದು ಎಲ್ಲೂ ಹೋಗುವುದಿಲ್ಲ. ಅವರು ದಿನಾ ಏನು ಮಾಡುತ್ತಿದ್ದರು ಅನ್ನುವುದನ್ನು ಮೊದಲು ಬರೆಯಿರಿ, ಬೇಗ ಮರೆತುಹೋಗುವುದು ಅದೇ.

ನಮ್ಮ ಅಜ್ಜಿ ಹೋಗಿ ನಾಲ್ಕು ವರ್ಷ ಆಯಿತು. ನಾವು ಅವರನ್ನು ಅವ್ವ ಅನ್ನುತ್ತಿದ್ದೆವು, ನಮ್ಮ ಕಡೆ ತೆಲುಗು ಮನೆಗಳಲ್ಲಿ ಅಜ್ಜಿಗೆ ಹಾಗೇ ಅನ್ನುವುದು. ಊರಿಗೆಲ್ಲ ಟೀಚರಮ್ಮ. ಶಿಡ್ಲಘಟ್ಟದ ಹತ್ತಿರದ ಹಳ್ಳಿ, ಸರ್ಕಾರಿ ಪ್ರೈಮರಿ ಸ್ಕೂಲು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗುವವರೆಗೆ ನಾವು ಕೋಲಾರ ಜಿಲ್ಲೆಯವರು. ನಾನು ಓದಿದ್ದೂ ಅವ್ವನ ಸ್ಕೂಲಿನಲ್ಲೇ.

ಶಿಡ್ಲಘಟ್ಟ ಅಂದರೆ ರೇಷ್ಮೆ ಅಲ್ವಾ. ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತವೆ, ಅಂದರೆ ಹಿಪ್ಪುನೇರಳೆ ಸೊಪ್ಪು ತಿನ್ನುವುದು ಬಿಟ್ಟು, ಅಲ್ಲಾಡದೆ ಕೂತು ಪೊರೆ ಕಳಚುತ್ತವೆ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಮನೆಯವರಿಗೆ ನಿದ್ದೆ ಇಲ್ಲ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆ ವಾರದಲ್ಲೇ ತಿನ್ನುತ್ತವೆ. ಆಮೇಲೆ ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲಿಕ್ಕೆ ಇಡುವ ಬಿದಿರಿನ ತಟ್ಟೆ ಚಂದ್ರಿಕೆಗೆ ಬಿಡಬೇಕು, ತಡವಾದರೆ ಸೊಪ್ಪಿನ ಮೇಲೇ ಗೂಡು ಕಟ್ಟಿಬಿಡುತ್ತವೆ, ಅದಕ್ಕೆ ರೇಟಿಲ್ಲ. ಆ ಕೆಲಸಕ್ಕೆ ಆಗ ಮಕ್ಕಳ ಕೈ ಬೇಕಿತ್ತು. ಹಾಗಾಗಿ ಆ ವಾರ ಕ್ಲಾಸು ಅರ್ಧ ಖಾಲಿ.

ಅವ್ವ ಹಾಜರಿ ಪುಸ್ತಕದ ಜೊತೆ ಇನ್ನೊಂದು ನೋಟ್ ಬುಕ್ ಇಟ್ಟಿದ್ದರು. ಯಾರ ಮನೆಗೆ ಯಾವತ್ತು ಮೊಟ್ಟೆ ತಂದರು, ಹುಳ ಈಗ ಯಾವ ಜ್ವರದಲ್ಲಿವೆ ಅಂತ ಅದರಲ್ಲಿ ಬರೆಯುತ್ತಿದ್ದರು. ಯಾವ ಮಗು ಯಾವ ವಾರ ತಪ್ಪಿಸುತ್ತದೆ ಅಂತ ಅವರಿಗೆ ಮುಂಚೆಯೇ ಗೊತ್ತು. ಆ ವಾರ ಬೆಳಗ್ಗೆ ಆರೂವರೆಗೆ ನನ್ನನ್ನೂ ಎಬ್ಬಿಸಿಕೊಂಡು ಆ ಮನೆಗೆ ಹೋಗುತ್ತಿದ್ದರು. ಚಪ್ಪಲಿ ಅಂಗಳದಲ್ಲೇ ಬಿಟ್ಟು ಹುಳದ ಮನೆಯ ಹೊಸ್ತಿಲಾಚೆ ನಿಲ್ಲುತ್ತಿದ್ದರು, ಹೊರಗಿನವರು ಒಳಗೆ ಬಂದರೆ ಹುಳಕ್ಕೆ ರೋಗ ಬರುತ್ತದೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಬಯ್ಯುತ್ತಿರಲಿಲ್ಲ. "ಬೆಳಗಿನ ಸೊಪ್ಪು ಹಾಕಿಸಿಕೊಂಡು ಕಳಿಸಮ್ಮಾ, ಮಧ್ಯಾಹ್ನದ ಸೊಪ್ಪಿಗೆ ನಾನೇ ವಾಪಸ್ ಕಳಿಸ್ತೀನಿ" ಅನ್ನುತ್ತಿದ್ದರು. 1995ರ ಆಚೆಗೆ ಇನ್ನೊಂದು ಮಾತು ಸೇರಿತು. ಆಗ ಬಿಸಿಯೂಟ ಇನ್ನೂ ಬಂದಿರಲಿಲ್ಲ. ಅದರ ಬದಲು ಸ್ಕೂಲಿನಲ್ಲಿ ತಿಂಗಳಿಗೆ ಒಂದು ಮಗುವಿಗೆ 3 ಕೆಜಿ ಅಕ್ಕಿ, ಅದೂ 80 ಪರ್ಸೆಂಟ್ ಹಾಜರಿ ಇದ್ದರೆ ಮಾತ್ರ. ನಾಲ್ಕು ಬೆರಳು ಮಡಚಿ ತೋರಿಸಿ, ಇಷ್ಟು ದಿನ ಆದರೆ ಪರವಾಗಿಲ್ಲ, ಆಮೇಲೆ ಅಕ್ಕಿ ಇಲ್ಲ ಅನ್ನುತ್ತಿದ್ದರು. ಸುಳ್ಳು ಹಾಜರಿ ಹಾಕಿದ್ದನ್ನು ನಾನು ನೋಡಿಲ್ಲ.

ಮನೆಯಲ್ಲೂ ಅವರದೇ ಲೆಕ್ಕ. ನಾವು ಹನ್ನೊಂದು ಜನ. ರಾತ್ರಿ ಮುದ್ದೆ ಕಟ್ಟುವ ಮುಂಚೆ ತಲೆ ಎಣಿಸಿ, ಇನ್ನೂ ಬರದವರಿಗೂ ಒಂದೊಂದು ಕಟ್ಟಿ ಮುಚ್ಚಿಡುತ್ತಿದ್ದರು. ಸೆರಗಿನ ತುದಿಯ ಗಂಟಿನಲ್ಲಿ ಸೀಮೆಸುಣ್ಣದ ಚೂರು ಇದ್ದೇ ಇರುತ್ತಿತ್ತು, ಅದರಲ್ಲಿ ಅಡುಗೆಮನೆ ಬಾಗಿಲ ಹಿಂದೆ ಹಾಲಿನ ಲೆಕ್ಕ ಬರೆಯುವುದು. ನಮ್ಮಮ್ಮ ಮದುವೆಯಾಗಿ ಬಂದಾಗ ಎಸ್ಸೆಸ್ಸೆಲ್ಸಿಯಲ್ಲಿ ಮ್ಯಾಥ್ಸ್ ಫೇಲು. ಮದುವೆ ಆಯ್ತಲ್ಲ ಇನ್ಯಾಕೆ ಅಂತ ಎಲ್ಲರೂ ಅಂದರು, ಅವ್ವ ಮಾತ್ರ ಮತ್ತೆ ಫೀಸು ಕಟ್ಟಿಸಿದರು. ಪಾಠ ನಡೆದಿದ್ದು ಅದೇ ಬಾಗಿಲ ಮೇಲೆ. ಒಲೆ ಮೇಲೆ ಎಸರು ಕುದಿಯುವಷ್ಟರಲ್ಲಿ ಒಂದು ಲೆಕ್ಕ, ಎಲ್ಲರ ಊಟ ಆದ ಮೇಲೆ ಇನ್ನೊಂದು. ಎರಡನೇ ಸಲಕ್ಕೆ ಪಾಸಾದರು. ಬಡ್ಡಿ ಲೆಕ್ಕವನ್ನು ಅಮ್ಮ ಇವತ್ತಿಗೂ ಬಾಯಲ್ಲೇ ಹೇಳುತ್ತಾರೆ.

ತಪ್ಪುಗಳನ್ನೂ ಬರೆಯಿರಿ. ಊರಿನ ಹೆಣ್ಣುಮಕ್ಕಳನ್ನು ಮನೆಮನೆಗೆ ಹೋಗಿ ಕರೆತಂದ ಅವ್ವ, ನಮ್ಮ ಚಿಕ್ಕತ್ತೆ ಬೆಂಗಳೂರಿನಲ್ಲಿ ಹಾಸ್ಟೆಲ್‌ಗೆ ಸೇರಿ ಡಿಗ್ರಿ ಓದುತ್ತೇನೆ ಅಂದಾಗ ಬೇಡ ಅಂದುಬಿಟ್ಟರು. ಸುಮ್ನೆ ಹೆದರಿಕೆ, ಬೇರೆ ಏನಿಲ್ಲ. ಕೊನೆಯ ದಿನಗಳಲ್ಲಿ ಅದನ್ನೇ ಹೇಳಿಕೊಂಡು ಅತ್ತರು. ಅತ್ತೆ ಅಲ್ಲೇ ಕೂತು ಕಾಲು ಒತ್ತುತ್ತಿದ್ದರು, ಏನೂ ಮಾತಾಡಲಿಲ್ಲ. ಇದನ್ನು ಬಿಟ್ಟು ಬರೆದರೆ ಹಾರ ಹಾಕಿದ ಫೋಟೊ ಥರ ಇರುತ್ತದೆ, ನನಗೆ ಅದು ಬೇಡ.

ಇನ್ನೊಂದು, ಅವರ ಹಳೇ ಸ್ಟೂಡೆಂಟ್‌ಗಳನ್ನು ಹುಡುಕಿ. ತಿಥಿಯ ದಿನ ಎಪ್ಪತ್ತರ ಹತ್ತಿರದ ಒಬ್ಬರು ಊಟಕ್ಕೆ ನನ್ನ ಪಕ್ಕ ಕೂತರು. ಅವ್ವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಓದಿದವರು. "ಒಂದನೇ ಕ್ಲಾಸಿಗೆ ಬಂದಾಗ ನನಗೆ ಕನ್ನಡ ಒಂದು ಮಾತೂ ಬರ್ತಿರಲಿಲ್ಲಪ್ಪ" ಅಂದರು. ಅವರ ಮನೆಮಾತು ತೆಲುಗು. ಅವ್ವ ಬೋರ್ಡಿನ ಒಂದು ಕಡೆ 'ಪ', ಇನ್ನೊಂದು ಕಡೆ 'ಹ' ಬರೆದು, ನಿಮ್ಮ ಮನೆಯಲ್ಲಿ ಪಾಲು, ಇಲ್ಲಿ ಹಾಲು ಅಂದರಂತೆ. ಪುಲಿ, ಹುಲಿ. ಪಂದಿ, ಹಂದಿ. ಪಾಮು, ಹಾವು. ಪಂಡು, ಹಣ್ಣು. ಮಾರನೇ ದಿನ ಮಕ್ಕಳೆಲ್ಲ ಮನೆಯಲ್ಲಿರುವ 'ಪ'ಗಳನ್ನು ಹುಡುಕಿಕೊಂಡು ಬಂದರಂತೆ. ಇವರು ಎದ್ದು ನಿಂತು "ಹಪ್ಪು" ಅಂದಿದ್ದರು. ಎಲೆಯ ಮೇಲಿದ್ದ ಪಪ್ಪು ತೋರಿಸಿ, "ಇದು ಮಾತ್ರ ಬೇಳೆ ಕಣೋ ಅಂತ ನಕ್ಕುಬಿಟ್ರು ಟೀಚರಮ್ಮ" ಅಂದರು, ಹೇಳುತ್ತಾ ಕಣ್ಣು ಒರೆಸಿಕೊಂಡರು. ನಮ್ಮ ಮನೆಯಲ್ಲಿ ನನಗೆ ಸ್ಕೂಲಿಗೆ ಮುಂಚೆಯೇ ಕನ್ನಡ ಬರುತ್ತಿತ್ತು, ಈ ಪಾಠ ನಾನು ಕೇಳಿರಲೇ ಇಲ್ಲ.

ಹೋಗುವಾಗ ಅವರು ತಮ್ಮ ಜೊತೆ ಓದಿದ ಮೂವರ ಹೆಸರು ಬರೆದುಕೊಟ್ಟರು. ಇಬ್ಬರನ್ನು ಹೋಗಿ ಮಾತಾಡಿಸಿ ಬಂದಿದ್ದೇನೆ. ಮೂರನೆಯವರು ಹೊಸಕೋಟೆಯಲ್ಲಿ ಮಗಳ ಮನೆಯಲ್ಲಿದ್ದಾರಂತೆ, ಈ ಭಾನುವಾರ ಹೊರಟಿದ್ದೇನೆ.