ಡಿಗ್ರಿ ಮಾಡಿಸೋದಾ, ಕೆಲಸಕ್ಕೆ ಕಳಿಸೋದಾ?

ಪ್ರಶ್ನೆ: ಮಗ ಈ ವರ್ಷ ದ್ವಿತೀಯ ಪಿಯು ಕಾಮರ್ಸ್ ಪಾಸಾಗಿದ್ದಾನೆ. ಶೇ 64 ಬಂದಿದೆ. ದಾವಣಗೆರೆಯ ಒಂದು ಬಟ್ಟೆ ಶೋರೂಮಿನಲ್ಲಿ ತಿಂಗಳಿಗೆ 13 ಸಾವಿರಕ್ಕೆ ಕೆಲಸ ಇದೆ ಅಂತ ಕರೆಯುತ್ತಿದ್ದಾರೆ. ಅದೇ ಊರಿನ ಖಾಸಗಿ ಕಾಲೇಜಿನವರು ಬಿ.ಕಾಂಗೆ ವರ್ಷಕ್ಕೆ 55 ಸಾವಿರ ಫೀ, ಕೊನೆಗೆ ಕೆಲಸ ಗ್ಯಾರಂಟಿ ಅಂತ ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ನನ್ನ ತಮ್ಮ, ‘ಡಿಗ್ರಿ ಮಾಡಿದವರೇ ಮನೇಲಿ ಕೂತಿದ್ದಾರೆ, ಸುಮ್ನೆ ಯಾಕೆ ದುಡ್ಡು ಹಾಕ್ತೀಯ ಅಣ್ಣಾ’ ಅನ್ನುತ್ತಾನೆ. ನಮ್ಮದು ಎರಡು ಎಕರೆ ಮೆಕ್ಕೆಜೋಳದ ಹೊಲ. ಏನು ಮಾಡಲಿ?
— ಹೆಸರು ಬೇಡ, ಹಿರೇಕೆರೂರು ತಾಲ್ಲೂಕು

ಉತ್ತರ: ಮಗನಿಗೆ ಡಿಗ್ರಿ ಮಾಡಿಸಿ. ಆದರೆ ಆ 55 ಸಾವಿರದ ಕಾಲೇಜಿನಲ್ಲಿ ಬೇಡ. ನಿಮ್ಮ ತಾಲ್ಲೂಕಿಗೆ ಹತ್ತಿರ ಇರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರಿಸಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ನಿಮ್ಮ ತಮ್ಮನ ಮಾತು. ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2023ರಲ್ಲಿ ದೇಶದ ದುಡಿಮೆಯ ಬಗ್ಗೆ ಒಂದು ವರದಿ ತಂದಿತ್ತು. 25 ವರ್ಷದೊಳಗಿನ ಪದವೀಧರರಲ್ಲಿ ನಿರುದ್ಯೋಗ ಶೇ 40ಕ್ಕಿಂತ ಜಾಸ್ತಿ ಅಂತ ಅದರಲ್ಲಿದೆ. ಈ ಅಂಕಿ ಆಗ ಎಲ್ಲ ಕಡೆ ಸುದ್ದಿಯಾಯಿತು. ಆದರೆ ಅದೇ ವರದಿ ಇನ್ನೊಂದು ಮಾತನ್ನೂ ಹೇಳುತ್ತದೆ. 35 ದಾಟಿದ ಪದವೀಧರರಲ್ಲಿ ನಿರುದ್ಯೋಗ ಶೇ 5ಕ್ಕಿಂತ ಕಡಿಮೆ. ಅಂದರೆ ಡಿಗ್ರಿ ಆದ ಮೇಲೆ ನಾಲ್ಕಾರು ವರ್ಷ ಅಲೆದಾಟ ಇದೆ, ಆಮೇಲೆ ಏನೋ ಒಂದು ಕೆಲಸ ಸಿಗುತ್ತದೆ. ಅದು ಓದಿಗೆ ತಕ್ಕ ಕೆಲಸವೋ ಅಲ್ಲವೋ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ಓದದವರು ಖಾಲಿ ಕೂತಿರುವುದು ಕಡಿಮೆ ಅಂತ ಕಾಣುವುದಕ್ಕೂ ಕಾರಣ ಇದೆ. ಮನೆಯ ಒಲೆ ಉರಿಯಬೇಕಾದವರು ಸಿಕ್ಕಿದ ಕೂಲಿಗೆ ಹೋಗುತ್ತಾರೆ. ಕಾಯುವ ಅನುಕೂಲ ಅವರಿಗೆ ಇಲ್ಲ. ಡಿಗ್ರಿ ಮಾಡಿದವರು ಕೆಎಎಸ್, ಎಫ್‌ಡಿಎ ಥರದ ಸರ್ಕಾರಿ ಕೆಲಸಕ್ಕೆ ಅಂತ ಕಾಯುತ್ತಾ ಕೂರುತ್ತಾರೆ. ಮನೆಯವರೂ ಸಾಕುತ್ತಾರೆ. ಹಾಗಾಗಿ ನಿಮ್ಮ ತಮ್ಮ ನೋಡಿರುವುದು ಡಿಗ್ರಿ ದಂಡವಾಯಿತು ಅನ್ನುವುದನ್ನಲ್ಲ, ಡಿಗ್ರಿ ಆದ ಮೇಲಿನ ಕಾಯುವಿಕೆಯನ್ನು. ಆ ಕಾಯುವ ಕಾಲವನ್ನು ಹೇಗೆ ಕಡಿಮೆ ಮಾಡುವುದು ಅನ್ನುವುದೇ ನಾವು ಯೋಚಿಸಬೇಕಾದ ವಿಷಯ.

ಈಗ ಒಂದು ಕೆಲಸ ಮಾಡಿ. ಯಾವುದೇ ಸರ್ಕಾರಿ ನೇಮಕಾತಿಯ ಅಧಿಸೂಚನೆ ತೆಗೆದು ‘ವಿದ್ಯಾರ್ಹತೆ’ ಅನ್ನುವ ಕಲಂ ಓದಿ. ಎಸ್‌ಡಿಎ ಅಂದರೆ ದ್ವಿತೀಯ ದರ್ಜೆ ಸಹಾಯಕನಿಗೆ ಪಿಯುಸಿ ಸಾಕು. ಎಫ್‌ಡಿಎ ಅಂದರೆ ಪ್ರಥಮ ದರ್ಜೆ ಸಹಾಯಕನಿಗೆ ಡಿಗ್ರಿ ಬೇಕು. ಇಬ್ಬರೂ ಒಂದೇ ಕಚೇರಿಯಲ್ಲಿ, ಒಂದೇ ಕಪಾಟಿನ ಫೈಲು ನೋಡುವವರು. ಗ್ರಾಮ ಆಡಳಿತ ಅಧಿಕಾರಿಗೆ ಪಿಯುಸಿ ಸಾಕು. 2024ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಇಂಥ 1000 ಹುದ್ದೆಗೆ ಪರೀಕ್ಷೆ ನಡೆಸಿತು. ಗ್ರಾಮ ಪಂಚಾಯಿತಿಯ ಪಿಡಿಒ ಆಗಬೇಕಾದರೆ ಡಿಗ್ರಿ ಬೇಕು. ಸಿವಿಲ್ ಕಾನ್‌ಸ್ಟೇಬಲ್‌ಗೆ ಪಿಯುಸಿ, ಪಿಎಸ್‌ಐಗೆ ಡಿಗ್ರಿ. ಬ್ಯಾಂಕಿನಲ್ಲಂತೂ ಕ್ಲರ್ಕ್ ಹುದ್ದೆಗೇ ಡಿಗ್ರಿ ಕೇಳುತ್ತಾರೆ. ಬಿ.ಎಡ್ ಮಾಡಲಿಕ್ಕೂ, ಮೂರು ವರ್ಷದ ಎಲ್‌ಎಲ್‌ಬಿಗೂ, ಯುಪಿಎಸ್‌ಸಿಗೂ ಅಷ್ಟೇ. ಎಷ್ಟು ಜಾಣನಾದರೂ ಆ ಹಾಳೆ ಇಲ್ಲದೆ ಅರ್ಜಿ ಹಾಕಲಿಕ್ಕೇ ಆಗುವುದಿಲ್ಲ.

ನಿಮ್ಮ ಮಗ ಕಾಮರ್ಸ್ ಓದಿದವನು, ಹಾವೇರಿ ಕಡೆಯವನು. ಹಾಗಾಗಿ ಗ್ರಾಮೀಣ ಬ್ಯಾಂಕಿನ ವಿಷಯ ಹೇಳಲೇಬೇಕು. ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕು ಮತ್ತು ಬಳ್ಳಾರಿಯ ಗ್ರಾಮೀಣ ಬ್ಯಾಂಕು ಎರಡೂ 2025ರ ಮೇ 1ರಿಂದ ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ಇದರ ಆಫೀಸ್ ಅಸಿಸ್ಟೆಂಟ್ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಕನ್ನಡ ಓದಿ ಬರೆಯಲು ಬರುವುದು ಅಲ್ಲಿ ಕೇಳುವ ಅರ್ಹತೆ. ಹಳ್ಳಿಯ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರು ತಮಗೆ ಬ್ಯಾಂಕ್ ಆಗುವುದಿಲ್ಲ ಅಂತ ಮೊದಲೇ ಕೈಚೆಲ್ಲುತ್ತಾರೆ. ಅದು ನನಗೆ ತುಂಬಾ ಬೇಸರ ತರಿಸುವ ವಿಷಯ.

ಈಗ ದುಡ್ಡಿನ ಲೆಕ್ಕ. ಮೂರು ವರ್ಷ ಶೋರೂಮಿಗೆ ಹೋದರೆ 13 ಸಾವಿರದಂತೆ 4 ಲಕ್ಷ 68 ಸಾವಿರ ಆಗುತ್ತದೆ. ಓದಿಗೆ ಕಳಿಸಿದರೆ ಅಷ್ಟು ಬರುವುದಿಲ್ಲ, ಅದೇ ಡಿಗ್ರಿಯ ನಿಜವಾದ ಖರ್ಚು. ಅದರ ಮೇಲೆ ಖಾಸಗಿ ಕಾಲೇಜಿನ ಫೀ 1 ಲಕ್ಷ 65 ಸಾವಿರ. ಒಟ್ಟು 6 ಲಕ್ಷ 33 ಸಾವಿರ. ದಾವಣಗೆರೆಯಲ್ಲಿ ರೂಮು, ಊಟ ಬೇರೆ. ಎರಡು ಎಕರೆ ಮೆಕ್ಕೆಜೋಳ ನಂಬಿದ ಮನೆಗೆ ಇದು ಹೊರಲಾಗದ ಭಾರ. ಸರ್ಕಾರಿ ಕಾಲೇಜಿನಲ್ಲಿ ಫೀ ಅನ್ನುವ ಬಾಬತ್ತು ತೀರಾ ಸಣ್ಣದು. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದರೆ ಅದರಲ್ಲೂ ಒಂದಿಷ್ಟು ವಾಪಸ್ ಬರುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ, ಕೊನೇ ವಾರದಲ್ಲಿ ನಾಡಕಚೇರಿಗೆ ಓಡಬೇಡಿ. ಇನ್ನೊಂದು ವಿಷಯ. ರಾಜ್ಯದಲ್ಲಿ 2021ರಿಂದ ನಾಲ್ಕು ವರ್ಷದ ಡಿಗ್ರಿ ಪದ್ಧತಿ ಬಂದಿತ್ತು. 2024-25ರಿಂದ ಮತ್ತೆ ಮೂರು ವರ್ಷಕ್ಕೇ ಬಂದಿದೆ. ನಾಲ್ಕು ವರ್ಷ ಓದಿಸಬೇಕಾ ಅನ್ನುವ ಗೊಂದಲ ಬೇಡ.

‘ಕೆಲಸ ಗ್ಯಾರಂಟಿ’ ಅನ್ನುವ ಕಾಲೇಜಿಗೆ ಒಂದೇ ಪ್ರಶ್ನೆ ಕೇಳಿ. ಹೋದ ವರ್ಷ ಬಿ.ಕಾಂ ಮುಗಿಸಿದವರಲ್ಲಿ ಎಷ್ಟು ಜನಕ್ಕೆ, ಯಾವ ಕಂಪನಿಯಲ್ಲಿ, ಎಷ್ಟು ಸಂಬಳಕ್ಕೆ ಕೆಲಸ ಸಿಕ್ಕಿತು? ಅವರಲ್ಲಿ ನಾಲ್ಕು ಜನರ ಫೋನ್ ನಂಬರ್ ಕೊಡಿ ಅನ್ನಿ. ಕೊಡದಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಎಷ್ಟೋ ಕಡೆ ಆ ‘ಪ್ಲೇಸ್‌ಮೆಂಟ್’ ಅಂದರೆ ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ಸಾಲ ವಸೂಲಿಗೆ ಫೋನ್ ಮಾಡುವ ಕೆಲಸ. ಅದಕ್ಕೆ ಡಿಗ್ರಿಯೇ ಬೇಕಿರಲಿಲ್ಲ.

ಸರ್ಕಾರಿ ಕಾಲೇಜಿಗೆ ಸೇರಿಸಿ ಸುಮ್ಮನಾದರೂ ಸಾಲದು. ಮೂರು ವರ್ಷ ಬರೀ ಗೈಡ್ ಓದಿ ಪಾಸಾದ ಬಿ.ಕಾಂ ಹುಡುಗನಿಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಎರಡನೇ ವರ್ಷದಿಂದಲೇ ಅವನನ್ನು ಹತ್ತಿರದ ಆಡಿಟರ್ ಆಫೀಸಿಗೆ ಸಂಜೆ ಹೊತ್ತು ಕಳಿಸಿ. ಕೈಗೆ ಬರುವ ದುಡ್ಡು ಪೆಟ್ರೋಲಿಗೆ ಸಾಕಾಗುವಷ್ಟಿರಬಹುದು, ಪರವಾಗಿಲ್ಲ. ಅಲ್ಲಿ ತಿಂಗಳ 11ರೊಳಗೆ ಮಾರಾಟದ ಲೆಕ್ಕದ ಜಿಎಸ್‌ಟಿ ರಿಟರ್ನ್ (ಜಿಎಸ್‌ಟಿಆರ್-1) ಹೋಗಬೇಕು, 20ರೊಳಗೆ ತೆರಿಗೆ ಕಟ್ಟುವ ರಿಟರ್ನ್ (3ಬಿ) ಹೋಗಬೇಕು. ಆ ನಡುವಿನ ದಿನಗಳಲ್ಲಿ ಹಾರ್ಡ್‌ವೇರ್ ಅಂಗಡಿಯವರ ಖರೀದಿ ಬಿಲ್ಲುಗಳನ್ನು ಪೋರ್ಟಲಿನ 2ಬಿ ಪಟ್ಟಿಯ (ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ಪಕ್ಕ ಇಟ್ಟು ಒಂದೊಂದೇ ಟಿಕ್ ಹಾಕುತ್ತಾ ಹೋಗಬೇಕು. ಒಂದು ಸಿಮೆಂಟ್ ಬಿಲ್ಲು ಪಟ್ಟಿಯಲ್ಲಿ ಇರುವುದಿಲ್ಲ. ಮಾರಿದವನು ರಿಟರ್ನ್ ಹಾಕಿಲ್ಲವೋ, ಬಿಲ್ ನಂಬರ್ ತಪ್ಪಾಗಿ ಕೊಟ್ಟಿದ್ದಾನೋ ಅಂತ ಹುಡುಕಿ, ಫೋನ್ ಮಾಡಿ, ಸರಿ ಮಾಡಿಸಬೇಕು. ಇದನ್ನು ಒಂದು ವರ್ಷ ಮಾಡಿದ ಹುಡುಗನನ್ನು ಇಂಟರ್‌ವ್ಯೂನಲ್ಲಿ ಹತ್ತು ನಿಮಿಷ ಮಾತಾಡಿಸಿದರೆ ಸಾಕು, ಕೆಲಸ ಬಲ್ಲವನು ಅಂತ ಗೊತ್ತಾಗಿಬಿಡುತ್ತದೆ. ಕೆಲವು ಸರ್ಕಾರಿ ಕಾಲೇಜುಗಳಲ್ಲಿ ಅಪ್ರೆಂಟಿಸ್‌ಶಿಪ್ ಸೇರಿದ ಡಿಗ್ರಿ ಕೋರ್ಸುಗಳೂ ಶುರುವಾಗಿವೆ. ನಿಮ್ಮ ಸುತ್ತಮುತ್ತ ಇದೆಯಾ ಅಂತ ಕಾಲೇಜಿನಲ್ಲಿ ವಿಚಾರಿಸಿ.

ಮನೆ ಪರಿಸ್ಥಿತಿ ನಿಜಕ್ಕೂ ಕಷ್ಟ, ಈ ತಿಂಗಳಿಂದಲೇ ಸಂಬಳ ಬೇಕು ಅನ್ನುವುದಾದರೆ ಶೋರೂಮಿಗೆ ಹೋಗಲಿ. ಆದರೆ ಜೊತೆಗೇ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಕಾಂಗೆ ಹೆಸರು ಬರೆಸಿ. ‘ಎರಡು ವರ್ಷ ದುಡಿದು ಆಮೇಲೆ ಓದುತ್ತೇನೆ’ ಅಂದವರಲ್ಲಿ ವಾಪಸ್ ಬಂದವರನ್ನು ನಾನು ನೋಡಿರುವುದು ಕಡಿಮೆ. ಡಿಗ್ರಿ ಮುಗಿದು ಕೆಲಸ ಸಿಗದಿದ್ದರೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ ಬರುತ್ತದೆ. ಅದು ಅರ್ಜಿ ಶುಲ್ಕಕ್ಕೂ ಬಸ್ ಚಾರ್ಜಿಗೂ ಆದೀತು, ಅದನ್ನೇ ನಂಬಿ ಯೋಜನೆ ಹಾಕಬೇಡಿ.

ನಿಮ್ಮ ಪತ್ರದಲ್ಲಿ ತಮ್ಮನ ಮಾತಿದೆ, ಕಾಲೇಜಿನವರ ಮಾತಿದೆ, ಶೋರೂಮಿನವರ ಮಾತಿದೆ. ಮಗ ಏನು ಹೇಳುತ್ತಾನೆ ಅನ್ನುವುದು ಮಾತ್ರ ಇಲ್ಲ. ಅಡ್ಮಿಶನ್ ಮಾಡಿಸುವ ಮೊದಲು ಅವನನ್ನು ಕೂರಿಸಿಕೊಂಡು ಕೇಳಿ. ಅವನಿಗೆ ವ್ಯಾಪಾರದಲ್ಲೇ ಆಸೆ ಇದ್ದರೆ ನಾನು ಹೇಳಿದ ದಾರಿ ಸ್ವಲ್ಪ ಬದಲಾಗುತ್ತದೆ, ಆಗ ಶೋರೂಮು ಮತ್ತು ಮುಕ್ತ ವಿವಿ ಎರಡೂ ಸೇರಿದ ದಾರಿಯೇ ಅವನಿಗೆ ಒಳ್ಳೆಯದು.

ಪ್ರಶ್ನೆ: ನನ್ನ ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಶೇ 71. ಮನೆಯ ಮಿಕ್ಸಿ, ಮೋಟರ್ ಕೆಟ್ಟರೆ ಅವಳೇ ಬಿಚ್ಚುತ್ತಾಳೆ. ಡಿಪ್ಲೊಮಾ ಮಾಡುತ್ತೇನೆ ಅನ್ನುತ್ತಾಳೆ. ನಮ್ಮ ಅತ್ತೆಯವರಿಗೆ ಇಷ್ಟ ಇಲ್ಲ. ಪಿಯು ಮಾಡಿ ಡಿಗ್ರಿ ಮಾಡಿದರೆ ಸಂಬಂಧ ಚೆನ್ನಾಗಿ ಬರುತ್ತೆ, ಗ್ರೀಸ್ ಮೆತ್ತಿಕೊಳ್ಳುವ ಕೆಲಸ ಯಾಕೆ ಅನ್ನುತ್ತಾರೆ. ಡಿಪ್ಲೊಮಾ ಮಾಡಿದರೆ ಮುಂದೆ ಡಿಗ್ರಿಯ ದಾರಿ ಮುಚ್ಚಿಹೋಗುತ್ತಾ?
— ಒಬ್ಬ ತಾಯಿ, ಕುಣಿಗಲ್

ಉತ್ತರ: ಮುಚ್ಚುವುದಿಲ್ಲ ಅಮ್ಮಾ. ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರಿಗೆಂದೇ ಇರುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಪಿಯು ಮಾಡಿ ಬಿಇ ಮಾಡಿದರೂ ಎಸ್ಸೆಸ್ಸೆಲ್ಸಿ ಆದ ಮೇಲೆ ಆರು ವರ್ಷ, ಡಿಪ್ಲೊಮಾ ಮೂಲಕ ಹೋದರೂ ಆರೇ ವರ್ಷ. ಹೆಚ್ಚು ಕಮ್ಮಿ ಏನಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಮೂರನೇ ವರ್ಷಕ್ಕೆ ನಿಂತುಬಿಡಬೇಕಾದ ಪರಿಸ್ಥಿತಿ ಬಂದರೂ ಅವಳ ಕೈಯಲ್ಲಿ ಕೆಲಸ ಕೊಡಿಸುವ ಸರ್ಟಿಫಿಕೇಟ್ ಇರುತ್ತದೆ. ಬಿಇ ಮೊದಲ ವರ್ಷಕ್ಕೇ ನಿಂತವರ ಕೈಯಲ್ಲಿ ಬರೀ ಪಿಯು ಅಂಕಪಟ್ಟಿ ಇರುತ್ತದೆ.

ಪಾಲಿಟೆಕ್ನಿಕ್ ಜೊತೆಗೆ ಜಿಟಿಟಿಸಿಯನ್ನೂ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಹೋಗಿ ನೋಡಿ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಜ್ಯ ಸರ್ಕಾರದ ಸಂಸ್ಥೆ ಅದು, ಈಗ ಹಲವು ಜಿಲ್ಲೆಗಳಲ್ಲಿ ಕೇಂದ್ರಗಳಿವೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ, ಆಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ನಿಮ್ಮ ಮನೆಯ ಸ್ವಿಚ್ಚು, ಬಾಟಲಿಯ ಮುಚ್ಚಳ, ಸ್ಕೂಟರಿನ ಮಡ್‌ಗಾರ್ಡ್, ಎಲ್ಲವೂ ಮೊದಲು ಒಂದು ಅಚ್ಚಿನಿಂದ ಬಂದಿರುತ್ತದೆ. ಆ ಅಚ್ಚು ಮಾಡುವ ವಿದ್ಯೆ ಇದು. ಮೈಕ್ರೋಮೀಟರ್ ಹಿಡಿದು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಅಳೆದು ಕೆಲಸ ಮಾಡಬೇಕು. ಗ್ರೀಸ್‌ಗಿಂತ ಕಂಪ್ಯೂಟರ್ ಡ್ರಾಯಿಂಗ್ ಮತ್ತು ಕಂಪ್ಯೂಟರಿನಿಂದಲೇ ನಡೆಯುವ ಸಿಎನ್‌ಸಿ ಮೆಷಿನ್ ಜಾಸ್ತಿ ಅಂತ ಅತ್ತೆಯವರಿಗೆ ಹೇಳಿ. ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಹೋಗಿ ತೋರಿಸಿ.

ನಿಮ್ಮ ಜಿಲ್ಲೆಯಲ್ಲೇ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಇದೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಶುರುವಾಗಿದೆ. ಕೋಲಾರ ಜಿಲ್ಲೆಯ ನರಸಾಪುರ, ಬೆಂಗಳೂರು ಪಕ್ಕದ ದೇವನಹಳ್ಳಿಯ ಫೋನ್ ಜೋಡಣೆ ಕಾರ್ಖಾನೆಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ದುಡಿಯುತ್ತಿದ್ದಾರೆ. ಅಲ್ಲಿ ಲೈನಿನಲ್ಲಿ ನಿಂತು ಸ್ಕ್ರೂ ಹಾಕುವ ಕೆಲಸಕ್ಕೆ ಹೆಚ್ಚಿನ ಓದು ಬೇಡ. ಆ ಮೆಷಿನ್ ಕೆಟ್ಟಾಗ ಸರಿ ಮಾಡುವ ಕೆಲಸಕ್ಕೆ ಡಿಪ್ಲೊಮಾ ಬೇಕು. ನಿಮ್ಮ ಮಗಳಿಗೆ ಎರಡನೆಯದೇ ಸರಿ ಅಂತ ಅವಳ ಕೈಗೇ ಗೊತ್ತಿದೆ ಅಲ್ವಾ?

ಓಡಾಟಕ್ಕೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಉಚಿತ. ಕುಣಿಗಲ್‌ನಿಂದ ತುಮಕೂರಿಗೆ ದಿನಾ ಹೋಗಿಬರುವುದು ಕಷ್ಟವಲ್ಲ. ಸಂಬಂಧದ ವಿಷಯ ಆರು ವರ್ಷದ ನಂತರದ್ದು. ಅಷ್ಟರಲ್ಲಿ ಸ್ವಂತ ಸಂಬಳ ಬರುತ್ತಿದ್ದರೆ ಒಪ್ಪುವುದು ಬಿಡುವುದು ಅವಳ ಕೈಯಲ್ಲೇ ಇರುತ್ತದೆ.

ಪ್ರಶ್ನೆ: ನನಗೆ 29. ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಇದ್ದೇನೆ. ಬಿಎ ಕೊನೇ ವರ್ಷದ ಎರಡು ಪೇಪರ್ ಉಳಿದಿವೆ. ಸೂಪರ್‌ವೈಸರ್ ಮಾಡಲು ಡಿಗ್ರಿ ಕೇಳುತ್ತಿದ್ದಾರೆ. 40 ಸಾವಿರ ಕೊಟ್ಟರೆ ಎರಡು ತಿಂಗಳಲ್ಲಿ ಹೊರರಾಜ್ಯದ ವಿವಿಯಿಂದ ಡಿಗ್ರಿ ಕೊಡಿಸುತ್ತೇನೆ ಅಂತ ಒಬ್ಬರು ಹೇಳುತ್ತಿದ್ದಾರೆ.
— ಹೆಸರು ಬೇಡ, ಬೆಂಗಳೂರು

ಉತ್ತರ: ಆ 40 ಸಾವಿರ ಕೊಡಬೇಡಿ. ಎರಡು ತಿಂಗಳಲ್ಲಿ ಡಿಗ್ರಿ ಅನ್ನುವುದು ಯಾವ ನಿಯಮದಲ್ಲೂ ಇಲ್ಲ. ಕಂಪನಿಗಳು ಅಂಕಪಟ್ಟಿಯನ್ನು ವಿವಿಗೆ ಕಳಿಸಿ ಪರಿಶೀಲಿಸುತ್ತವೆ. ನಕಲಿ ಅಂತ ಗೊತ್ತಾದರೆ ಬಡ್ತಿ ಹಾಗಿರಲಿ, ಇರುವ ಕೆಲಸವೂ ಹೋಗುತ್ತದೆ, ಪೊಲೀಸ್ ಕೇಸೂ ಆಗಬಹುದು.

ನಿಮಗೆ ಉಳಿದಿರುವುದು ಎರಡೇ ಪೇಪರ್. ಐದು ಸಲ ಫೇಲಾದವರೂ ಆರನೇ ಸಲ ಪಾಸಾಗಿದ್ದಾರೆ, ಅದಕ್ಕೆ ನಾಚಿಕೆ ಬೇಡ. ನೀವು ಓದಿದ ವಿವಿಯ ಪರೀಕ್ಷಾ ವಿಭಾಗಕ್ಕೆ ಒಂದು ದಿನ ರಜೆ ಹಾಕಿ ಹೋಗಿ. ಕೋರ್ಸ್ ಮುಗಿಸಲು ಇರುವ ಗರಿಷ್ಠ ಅವಧಿ ದಾಟಿದೆಯಾ ಅಂತ ಕೇಳಿ. ದಾಟಿದ್ದರೂ ವಿವಿಗಳು ಆಗಾಗ ಹಳೇ ವಿದ್ಯಾರ್ಥಿಗಳಿಗೆ ಒಂದು ಬಾರಿಯ ವಿಶೇಷ ಅವಕಾಶ ಕೊಡುತ್ತವೆ, ಅದರ ಬಗ್ಗೆಯೂ ವಿಚಾರಿಸಿ. ಅದೂ ಇಲ್ಲ ಅಂದರೆ ಮುಕ್ತ ವಿವಿಯಲ್ಲಿ ಮೂರು ವರ್ಷ ಹೊಸದಾಗಿ ಮಾಡುವುದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಇರುವ ದೂರಶಿಕ್ಷಣದ ಡಿಗ್ರಿ ಕಾಲೇಜಿಗೆ ಹೋಗಿ ಮಾಡಿದ ಡಿಗ್ರಿಗೆ ಸಮ ಅಂತ ಯುಜಿಸಿಯೇ 2022ರಲ್ಲಿ ಸ್ಪಷ್ಟಪಡಿಸಿದೆ. ಸೇರುವ ಮೊದಲು ಆ ವಿವಿ, ಆ ಕೋರ್ಸು, ಆ ವರ್ಷ ಮೂರೂ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಇದೆಯಾ ನೋಡಿ.

ಹೋಗುವಾಗ ಎಲ್ಲಾ ಸೆಮಿಸ್ಟರಿನ ಅಂಕಪಟ್ಟಿ, ಹಾಲ್ ಟಿಕೆಟ್ ಇದ್ದರೆ ಅದು, ರಿಜಿಸ್ಟರ್ ನಂಬರ್ ತೆಗೆದುಕೊಂಡು ಹೋಗಿ. ಸಿಲೆಬಸ್ ಬದಲಾಗಿದ್ದರೆ ನಿಮ್ಮ ಹಳೇ ಪೇಪರಿನ ಬದಲು ಯಾವುದು ಬರೆಯಬೇಕು ಅಂತ ಲಿಖಿತದಲ್ಲಿ ಕೇಳಿ. ಪರೀಕ್ಷಾ ಶುಲ್ಕ ಕಟ್ಟುವ ಕೊನೇ ದಿನ ಯಾವಾಗ ಅಂತ ಅಲ್ಲೇ ಬರೆದುಕೊಂಡು ಬನ್ನಿ.