ಅಂಟಿಗಿಂತ ಗಂಟೇ ವಾಸಿ: ಹೊಲಿಗೆ ಬಾರದವರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಸೀರೆ ಕುಚ್ಚಿನ ಬಗ್ಗೆ ಬರೆದಿದ್ದಕ್ಕೆ ಬಂದ ಪತ್ರ, ಮೆಸೇಜ್ ಎಲ್ಲ ಕೂತು ಓದಿದೆ. ಅರ್ಧಕ್ಕಿಂತ ಜಾಸ್ತಿ ಜನ ಕೇಳಿರೋದು ಒಂದೇ, ನಂಗೆ ಹೊಲಿಗೆ ಬರಲ್ಲ, ಮನೇಲಿ ಮೆಷಿನ್ ಇಲ್ಲ, ಟೈಲರ್ ಹತ್ರ ಹೋದ್ರೆ ಇಷ್ಟು ಚಿಕ್ಕ ಕೆಲಸ ಮಾಡಲ್ಲ ಅಂತಾರೆ, ಸೂಜಿ ಹಿಡಿಯದೆ ಆಗೋಂಥದ್ದು ಹೇಳಿ ಅಂತ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ. ಶುರು ಮಾಡೋಕ್ ಮುಂಚೆ ಒಂದು ವಿಷಯ ಹೇಳ್ಬಿಡ್ತೀನಿ. ಹೊಲಿಗೆ ಬೇಡ ಅಂದ ತಕ್ಷಣ ಎಲ್ಲರ ಕೈ ಹೋಗೋದು ಗಮ್ ಟ್ಯೂಬಿಗೆ, ಆದ್ರೆ ನಾನು ಇಷ್ಟು ವರ್ಷ ಮಾಡಿ ನೋಡಿದ್ರಲ್ಲಿ ನಿಜವಾಗ್ಲೂ ಬಾಳಿಕೆ ಬಂದಿರೋದು ಗಂಟು ಹಾಕಿದ್ದು, ಬಿಗಿಯಾಗಿ ಸುತ್ತಿದ್ದು, ಕೊಂಡಿ ಸಿಕ್ಕಿಸಿದ್ದು. ಗಮ್ ಕೊನೇಗೆ, ಬೇರೆ ದಾರೀನೇ ಇಲ್ಲ ಅಂದಾಗ.

ಪ್ರಶ್ನೆ: ಅಕ್ಕ, ಪ್ಲೇನ್ ಕಾಟನ್ ದುಪಟ್ಟಾಗೆ ಲೇಸ್ ಅಂಟಿಸಿದ್ದೆ, ಮಗನ ಸ್ಕೂಲ್ ಪ್ರಾಜೆಕ್ಟಿಗೆ ತಂದ ಬಿಳಿ ಗಮ್ ಇತ್ತು ಅದ್ರಲ್ಲೇ. ಒಂದೇ ಸಲ ಒಗೆದಿದ್ದಕ್ಕೆ ಪೂರ್ತಿ ಕಿತ್ಕೊಂಡು ಬಂತು. ಇನ್‌ಸ್ಟಂಟ್ ಗಮ್ ಹಾಕ್ಲಾ? (ದಾವಣಗೆರೆಯ ಓದುಗರು)

ಉತ್ತರ: ದಯವಿಟ್ಟು ಬೇಡಮ್ಮ. ಇದನ್ನ ನಾನು ಗಟ್ಟಿಯಾಗೇ ಹೇಳ್ತೀನಿ ಯಾಕಂದ್ರೆ ನಾನೇ ಸುಟ್ಕೊಂಡಿದೀನಿ. ಒಂದು ಕಾಟನ್ ಹೇರ್‌ಬ್ಯಾಂಡಿಗೆ ಹೂವು ಅಂಟಿಸೋಣ ಅಂತ ಇನ್‌ಸ್ಟಂಟ್ ಗಮ್ ನಾಲ್ಕು ಹನಿ ಹಾಕಿ ಬೆರಳಲ್ಲಿ ಒತ್ತಿ ಹಿಡಿದಿದ್ದೆ, ಎರಡೇ ಸೆಕೆಂಡಿಗೆ ಬಿಸಿ ಚಮಚ ಮುಟ್ಟಿದ ಹಾಗೆ ಚುರ್ ಅಂತು, ಬಟ್ಟೆಯಿಂದ ಸಣ್ಣಗೆ ಹೊಗೆ ಥರ ಬಂತು, ತೋರುಬೆರಳಲ್ಲಿ ಬೊಬ್ಬೆ ಬಂದು ಒಂದು ವಾರ ಪಾತ್ರೆ ತೊಳೆಯೋಕಾಗ್ಲಿಲ್ಲ. ಆ ಥರದ ಗಮ್ ಹತ್ತಿ ಅಥವಾ ಉಣ್ಣೆ ಮೇಲೆ ಬಿದ್ರೆ ಗಬಕ್ಕನೆ ಗಟ್ಟಿಯಾಗುತ್ತೆ, ಆಗ ಕಾವು ಬಿಡುತ್ತೆ. ಒಣಗಿದ್ಮೇಲೂ ಬಟ್ಟೆ ಮೇಲೆ ಗಾಜಿನ ಚೂರು ಕೂತಂಗೆ ಬಿರುಸಾಗಿರುತ್ತೆ, ಕತ್ತಿಗೆ ಚುಚ್ಚುತ್ತೆ. ಬಿಳಿ ಗಮ್ಮಿನ ಕಥೆ ಬೇರೆ, ಅದು ಕಾಗದಕ್ಕೆ, ಮರಕ್ಕೆ ಮಾಡಿದ್ದು, ಒಣಗಿದ ಮೇಲೂ ನೀರಲ್ಲಿ ನೆನೆದ್ರೆ ಮೆತ್ತಗಾಗಿಬಿಡುತ್ತೆ, ಅದಕ್ಕೇ ನಿಮ್ಮ ಲೇಸ್ ಬಿಟ್ಕೊಂಡಿದ್ದು.

ಲೇಸಿಗೆ ಸರಿಯಾದದ್ದು ಹೆಮ್ಮಿಂಗ್ ಟೇಪ್. ಹೊಲಿಗೆ ಸಾಮಾನು, ಲೈನಿಂಗ್ ಬಟ್ಟೆ ಮಾರೋ ಅಂಗಡಿಲಿ ಕೇಳಿ, ಇಸ್ತ್ರಿ ಹಾಕಿ ಅಂಟಿಸೋ ಟೇಪ್ ಅಂದ್ರೆ ಕೊಡ್ತಾರೆ, ಜೇಡರ ಬಲೆ ಥರ ತೆಳ್ಳಗಿರುತ್ತೆ. ದುಪಟ್ಟಾ ಮೊದ್ಲು ಒಂದ್ಸಲ ನೀರಲ್ಲಿ ಹಾಕಿ ಒಣಗಿಸಿ, ಗಂಜಿ ಇದ್ರೆ ಹೋಗ್ಬೇಕು, ಇಲ್ಲಾಂದ್ರೆ ಗಂಜಿಗೆ ಅಂಟ್ಕೊಂಡು ಗಂಜಿ ಜೊತೇಲೇ ಎದ್ದು ಬರುತ್ತೆ. ಅಂಚು, ಅದರ ಮೇಲೆ ಟೇಪ್, ಅದರ ಮೇಲೆ ಲೇಸ್, ಮೇಲೊಂದು ಒದ್ದೆ ಕರ್ಚೀಫ್, ಇಸ್ತ್ರಿ ಪೆಟ್ಟಿಗೆ ಇಟ್ಟು ಹತ್ತು ಹದಿನೈದು ಸೆಕೆಂಡ್ ಒತ್ತಿ, ಎತ್ತಿ, ಪಕ್ಕದ ಜಾಗಕ್ಕೆ ಇಡಿ. ಬಟ್ಟೆ ಇಸ್ತ್ರಿ ಮಾಡೋ ಥರ ಎಳೀಬೇಡಿ, ಎಳೆದ್ರೆ ಲೇಸ್ ಸೊಟ್ಟ ಆಗುತ್ತೆ. ಪೂರ್ತಿ ಆರೋವರೆಗೂ ಮುಟ್ಟಬೇಡಿ. ಲೇಸ್ ಮಾತ್ರ ಕಾಟನ್ ಲೇಸೇ ಆಗಿರ್ಲಿ, ನೈಲಾನ್ ನೆಟ್ ಲೇಸ್ ಆದ್ರೆ ಕಾಟನ್ ಬಿಸಿಗೆ ಕರಗುತ್ತೆ. ಯಾವುದು ಅಂತ ಗೊತ್ತಾಗ್ದಿದ್ರೆ ಒಂದೆಳೆ ಕಿತ್ತು ಚಿಮುಟಲ್ಲಿ ಹಿಡಿದು ಸಿಂಕ್ ಮೇಲೆ ಸುಟ್ಟು ನೋಡಿ, ಹತ್ತಿ ಕಾಗದದ ಥರ ಉರಿದು ಬೂದಿಯಾಗುತ್ತೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತೆ, ನೈಲಾನ್ ಪಾಲಿಯೆಸ್ಟರ್ ಎಲ್ಲ ಕರಗಿ ಗಟ್ಟಿ ಮಣಿ ಆಗುತ್ತೆ.

ಇದೇ ಟೇಪನ್ನ ಮೈಸೂರು ಸಿಲ್ಕ್ ಸೀರೆಗೆ ಹಾಕಬಹುದಾ ಅಂತ ಇನ್ನಿಬ್ಬರು ಕೇಳಿದಾರೆ, ಅವರಿಗೂ ಇಲ್ಲೇ ಹೇಳ್ತೀನಿ, ಹಾಕ್ಬೇಡಿ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಫ್ಯಾಕ್ಟರಿ ಸೀರೆ ಅದು, ಜರಿ ಅಂದ್ರೆ ಚಿನ್ನದ ಲೇಪ ಇರೋ ಬೆಳ್ಳಿ ಎಳೆ, ಅದರ ಮೇಲೆ ಪ್ಲಾಸ್ಟಿಕ್ ಕರಗಿಸಿ ಅಂಟಿಸಿದ್ರೆ ತೆಗೆಯೋಕೇ ಆಗಲ್ಲ.

ಪ್ರಶ್ನೆ: ಅಕ್ಕಾರ, ನಮ್ಮ ಅಮ್ಮಂದು ಹಳೇ ಇಳಕಲ್ ಸೀರಿ ಐತ್ರಿ, ನೆರಿಗಿ ಕಡೆ ಹರದೈತಿ, ಸೆರಗು ಮಾತ್ರ ಭೇಷ್ ಐತಿ. ದುಪಟ್ಟಾ ಮಾಡ್ಕೋಬೇಕಂತ ಆಸೆ, ಆದ್ರ ಕತ್ತರಿ ಹಾಕಾಕ ಮನಸ್ಸು ಬರವಲ್ದು. (ಧಾರವಾಡದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ನಿನ್ನ ಪತ್ರ ಓದಿ ಖುಷಿ ಆಯ್ತು ತಂಗಿ, ಈ ಸಲದ ಪತ್ರಗಳಲ್ಲಿ ನಂಗೆ ಇಷ್ಟವಾದ ಪ್ರಶ್ನೆ ಇದೇ. ಇಳಕಲ್ ಸೀರೆಲಿ ಒಡಲಿನ ಹಾಸು (ಅಂದ್ರೆ ಉದ್ದುದ್ದ ಎಳೆ) ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಮಗ್ಗದಲ್ಲೇ ಒಂದೊಂದೆಳೆಯಾಗಿ ಕೊಂಡಿ ಹಾಕಿ ಜೋಡಿಸಿರ್ತಾರೆ. ಕೆಂಪು ಸೆರಗು ಶುರುವಾಗೋ ಜಾಗನ ಬೆಳಕಿಗೆ ಹಿಡಿದು ಬೆರಳಾಡಿಸಿ ನೋಡು, ಸಣ್ಣ ಏಣು ಸಿಗುತ್ತೆ. ಕತ್ತರಿ ಅಲ್ಲಿ ಯಾವತ್ತೂ ಹಾಕ್ಬೇಡ, ಆ ಕೊಂಡಿ ಬಿಟ್ರೆ ಸೆರಗೇ ಬಿಚ್ಕೊಳ್ಳುತ್ತೆ. ಸೆರಗೊಂದೇ ದುಪಟ್ಟಾಗೆ ಸಾಲಲ್ಲ, ಗಿಡ್ಡ ಆಗುತ್ತೆ. ಹರಿದಿರೋದು ನೆರಿಗೆ ಕಡೆ ಅಂದಿದೀಯಲ್ಲ, ಹಾಗಾದ್ರೆ ಸೆರಗಿನ ತುದಿಯಿಂದ ಒಡಲೂ ಸೇರಿ ಎರಡೂಕಾಲು ಮೀಟರ್ ಚೆನ್ನಾಗಿರೋದು ಸಿಗ್ಬೇಕು, ಅದಷ್ಟನ್ನೂ ತಗೋ.

ಅಳತೆ ಗುರುತು ಮಾಡಿದ ಜಾಗದಲ್ಲಿ ಅಡ್ಡ ಎಳೆ ಒಂದನ್ನ ಗುಂಡುಸೂಜಿ ಮೊನೇಲಿ ಎತ್ತಿ ನಿಧಾನಕ್ಕೆ ಈ ಅಂಚಿಂದ ಆ ಅಂಚಿಗೆ ಎಳಿ, ಮಧ್ಯೆ ತುಂಡಾದ್ರೆ ಮತ್ತೆ ಅದೇ ಎಳೆ ಹುಡುಕಿ ಎಳಿ. ಎಳೆ ಹೋದ ಕಡೆ ಬಟ್ಟೆ ಮೇಲೆ ನೇರ ಗೆರೆ ಬೀಳುತ್ತೆ, ಸ್ಕೇಲ್ ಇಟ್ಟು ಎಳೆದ ಗೆರೆಗಿಂತ ಇದು ನೇರ, ಅದರ ಮೇಲೇ ಕತ್ತರಿಸು. ಆಮೇಲೆ ಕತ್ತರಿಸಿದ ತುದಿಯಿಂದ ಅಡ್ಡ ಎಳೆಗಳನ್ನ ಒಂದೊಂದೇ ತೆಗೀತಾ ಬಾ, ನಾಲ್ಕು ಇಂಚಿನಷ್ಟು ಉದ್ದ ಎಳೆ ಮಾತ್ರ ಉಳೀಬೇಕು. ಒಂದು ಸಂಜೆ ಪೂರ್ತಿ ಬೇಕು ಇದಕ್ಕೆ, ಅವಸರ ಮಾಡ್ಬೇಡ. ಅರ್ಧ ಅರ್ಧ ಇಂಚಿನ ಎಳೆ ಸೇರಿಸಿ ಬಟ್ಟೆಗೆ ಅಂಟಿದ ಹಾಗೆ ಗಂಟು ಹಾಕು, ಹಾಕೋವಾಗ ಗಂಟಿನೊಳಗೆ ಗುಂಡುಸೂಜಿ ಇಟ್ಕೊಂಡು ಬಟ್ಟೆ ಬುಡದವರೆಗೂ ತಳ್ಳಿ ಆಮೇಲೆ ಬಿಗಿ ಮಾಡು, ಆಗ ಎಲ್ಲ ಗಂಟೂ ಒಂದೇ ಸಾಲಲ್ಲಿ ಕೂರುತ್ತೆ. ಎರಡನೇ ಸಾಲು ಬೇಕಂದ್ರೆ ಒಂದು ಗಂಟಿನ ಅರ್ಧ ಎಳೆ, ಪಕ್ಕದ ಗಂಟಿನ ಅರ್ಧ ಎಳೆ ಸೇರಿಸಿ ಕೆಳಗೆ ಕಟ್ಟು, ಜಾಲರಿ ಥರ ಬರುತ್ತೆ. ಒಂದು ಹನಿ ಗಮ್ ಬೇಡ ಇದಕ್ಕೆ.

ಹರಿದ ಒಡಲನ್ನ ಬಿಸಾಕ್ಬೇಡ, ನಿಮ್ಮ ಕಡೆ ಕೌದಿ ಹೊಲಿಯೋ ಅಜ್ಜಿಯರು ಇನ್ನೂ ಇದಾರೆ, ಅವರಿಗೆ ಅದು ಬಂಗಾರ. ಅಮ್ಮ ಇದ್ದಾಗಲೇ ಕೇಳಿ ಅವರ ಕೈಲೇ ಮೊದಲ ಎಳೆ ಎಳೆಸು, ಮನಸ್ಸಿಗೆ ಸಮಾಧಾನ ಇರುತ್ತೆ.

ಪ್ರಶ್ನೆ: ಹಳೇ ಪ್ಲಾಸ್ಟಿಕ್ ಬಳೆಗೆ ಸಿಲ್ಕ್ ದಾರ ಸುತ್ತಿದ್ದೆ. ಮುಂಚೆ ಸಲೀಸಾಗಿ ಏರ್ತಿದ್ದ ಬಳೆ ಈಗ ಕೈಗೇ ಏರ್ತಿಲ್ಲ, ಏರಿದ್ರೂ ದಾರ ಜಾರುತ್ತೆ. (ತುಮಕೂರಿನ ಓದುಗರು)

ಉತ್ತರ: ಬಳೆ ಸೈಜಿನ ಲೆಕ್ಕ ಬಹಳ ಜನಕ್ಕೆ ಗೊತ್ತಿರಲ್ಲ. 2.6 ಅಂದ್ರೆ ಎರಡು ಪಾಯಿಂಟ್ ಆರು ಇಂಚು ಅಲ್ಲ, ಎರಡು ಇಂಚು ಮೇಲೆ ಒಂದಿಂಚಿನ ಹದಿನಾರು ಭಾಗದಲ್ಲಿ ಆರು ಭಾಗ, ಸುಮಾರು 60 ಮಿಲಿಮೀಟರ್. 2.8 ಅಂದ್ರೆ ಸರಿಯಾಗಿ ಎರಡೂವರೆ ಇಂಚು, 63.5 ಮಿಲಿಮೀಟರ್. ಅದಕ್ಕೇ 2.10 ಅನ್ನೋದು 2.8ಗಿಂತ ದೊಡ್ಡದು. ಒಂದು ಸೈಜಿಗೂ ಇನ್ನೊಂದಕ್ಕೂ ಮೂರು ಮಿಲಿಮೀಟರ್ ಚಿಲ್ಲರೆ ವ್ಯತ್ಯಾಸ ಅಷ್ಟೇ, ದಾರ ಒಳಗಡೆನೂ ಸುತ್ತುತ್ತಲ್ಲ, ಎರಡು ಪದರ ಆಗೋ ಹೊತ್ತಿಗೆ ಆ ಜಾಗ ತಿಂದುಬಿಡುತ್ತೆ. ನಿಮ್ಮ ಅಳತೆ 2.6 ಆದ್ರೆ ಸುತ್ತೋಕೆ 2.8 ಬಳೆ ತಗೊಳ್ಳಿ.

ಜಾರೋದಕ್ಕೆ ಕಾರಣ ನುಣುಪು. ಬಳೆನ ಸ್ಯಾಂಡ್ ಪೇಪರಲ್ಲಿ ಹೊಳಪು ಹೋಗೋವರೆಗೂ ಉಜ್ಜಿ, ಒರೆಸಿ. ದಾರನ ಒಂದೊಂದೆಳೆ ಸುತ್ತಬೇಡಿ, ಪುಸ್ತಕದ ರಟ್ಟಿಗೆ ಇಪ್ಪತ್ತು ಸುತ್ತು ಸುತ್ತಿ ಒಂದು ಕಡೆ ಕತ್ತರಿಸಿ, ಆ ಇಪ್ಪತ್ತೆಳೆನ ರಿಬ್ಬನ್ ಥರ ಚಪ್ಪಟೆ ಇಟ್ಕೊಂಡು ಸುತ್ತಿ, ತಿರುಚಿದ್ರೆ ಅಲ್ಲೇ ಬಿಚ್ಚಿ ಸರಿ ಮಾಡಿ. ಇಲ್ಲಿ ಮಾತ್ರ ಫ್ಯಾಬ್ರಿಕ್ ಗಮ್ ಬೇಕು, ಶುರು ಮಾಡೋ ಒಂದಿಂಚಿಗೆ, ಮುಗಿಸೋ ಒಂದಿಂಚಿಗೆ, ಅಷ್ಟೇ. ತುದಿಗೆ ಬಟ್ಟೆ ಕ್ಲಿಪ್ ಹಾಕಿ ಒಂದು ದಿನ ಬಿಡಿ. ಇನ್ನೊಂದು, ಸಿಲ್ಕ್ ಥ್ರೆಡ್ ಅಂತ ಅಂಗಡಿಲಿ ಕೊಡೋದು ಬಹಳ ಕಡೆ ರೇಷ್ಮೆ ಅಲ್ಲ, ರೇಯಾನ್, ಅದು ಒದ್ದೆ ಆದಾಗ ಶಕ್ತಿ ಕಳ್ಕೊಳ್ಳುತ್ತೆ, ಪಾತ್ರೆ ತೊಳೆಯೋವಾಗ ತೆಗೆದಿಡಿ.

ಪ್ರಶ್ನೆ: ಮೇಡಂ, ವಾಕಿಂಗ್ ಶುರು ಮಾಡಿ ಸೊಂಟ ಇಳಿದಿದೆ. ಬೆಲ್ಟಿಗೆ ಮನೇಲೇ ಮೊಳೆ ಕಾಯಿಸಿ ತೂತು ಮಾಡಬಹುದಾ? (ಶಿವಮೊಗ್ಗದ ಹಿರಿಯರು)

ಉತ್ತರ: ಮೊಳೆ ಬೇಡ ಸರ್, ರೆಕ್ಸಿನ್ ಬೆಲ್ಟ್ ಆದ್ರೆ ತೂತಿನ ಸುತ್ತ ಕರಗಿ ಅಲ್ಲಿಂದಲೇ ಸೀಳುತ್ತೆ. ಮೊದ್ಲು ಬಕಲ್ ಹಿಂದೆ ತಿರುಗಿಸಿ ನೋಡಿ, ಸುಮಾರು ಬೆಲ್ಟುಗಳಲ್ಲಿ ಹಲ್ಲಿರೋ ಕ್ಲಿಪ್ ಅಥವಾ ಸಣ್ಣ ಸ್ಕ್ರೂ ಇರುತ್ತೆ, ಸ್ಕ್ರೂಡ್ರೈವರಲ್ಲಿ ಎತ್ತಿದ್ರೆ ಬಕಲ್ ಕೈಗೇ ಬರುತ್ತೆ. ಎಷ್ಟು ಸಡಿಲ ಇದೆಯೋ ಅಷ್ಟನ್ನ ಬಕಲ್ ಕಡೆಯಿಂದಲೇ ಕತ್ತರಿಸಿ ವಾಪಸ್ ಸಿಕ್ಕಿಸಿ, ಸೊಂಟಕ್ಕೆ ಮಧ್ಯದ ತೂತು ಬರೋ ಹಾಗೆ ಅಳೆದು ಕತ್ತರಿಸಿ, ಆಗ ಎರಡೂ ಕಡೆ ಜಾಗ ಉಳಿಯುತ್ತೆ. ಹೊಲಿದ ಬಕಲ್ ಆದ್ರೆ ಚಪ್ಪಲಿ ರಿಪೇರಿಯವರ ಹತ್ರ ಪಂಚ್ ಇರುತ್ತೆ, ಎರಡು ನಿಮಿಷದ ಕೆಲಸ.

ಪ್ರಶ್ನೆ: ನನ್ನ ಹತ್ರ ಒಂದು ಹ್ಯಾಂಡ್‌ಬ್ಯಾಗ್ ಉಂಟು ಅಕ್ಕ, ಕಪಾಟಿನಲ್ಲಿ ಪ್ಲಾಸ್ಟಿಕ್ ಕವರ್ ಹಾಕಿ ಜಾಗ್ರತೆಯಲ್ಲಿ ಇಟ್ಟದ್ದು, ಈಗ ಹಿಡಿ ಎಲ್ಲ ಸಿಪ್ಪೆ ಸಿಪ್ಪೆ ಏಳ್ತದೆ, ಕೈಗೆಲ್ಲ ಕಪ್ಪು ಪುಡಿ. ಎಂತ ಮಾಡುದು? (ಮಂಗಳೂರಿನ ಓದುಗರು)

ಉತ್ತರ: ಜಾಗ್ರತೆಯಿಂದ ಇಟ್ಟಿದ್ದೇ ಅದಕ್ಕೆ ಸೆಖೆ ಆಯ್ತು ಅನ್ಸುತ್ತೆ. ಚರ್ಮದ ಹಾಗೆ ಕಾಣೋ ಆ ಮೇಲಿನ ಪದರ ಪಾಲಿಯುರೆಥೇನ್, ಗಾಳಿಲಿರೋ ತೇವ ವರ್ಷಗಟ್ಟಲೆ ತಾಗ್ತಾ ತಾಗ್ತಾ ಅದು ಒಳಗಿಂದಲೇ ಒಡೆಯುತ್ತೆ. ಕರಾವಳಿ ತೇವ ಕೇಳ್ಬೇಕಾ, ಪ್ಲಾಸ್ಟಿಕ್ ಕವರಲ್ಲಿ ಗಾಳಿ ಆಡದೆ ಇನ್ನೂ ಬೇಗ. ಸಿಪ್ಪೆನ ಗಮ್ ಹಾಕಿ ಕೂರಿಸೋಕೆ ಹೋಗ್ಬೇಡಿ, ಇವತ್ತು ಇಲ್ಲಿ ಅಂಟಿಸಿದ್ರೆ ನಾಳೆ ಪಕ್ಕದಲ್ಲಿ ಏಳುತ್ತೆ. ಹಿಡಿ ಮೇಲಿಂದು ಒರಟು ಬಟ್ಟೇಲಿ ಉಜ್ಜಿ ಪೂರ್ತಿ ತೆಗೆದುಬಿಡಿ, ಒಳಗೆ ಬಟ್ಟೆ ಪಟ್ಟಿ ಸಿಗುತ್ತೆ. ಹಳೇ ಕಾಟನ್ ದುಪಟ್ಟಾದಿಂದ ಎರಡಿಂಚು ಅಗಲದ ಪಟ್ಟಿ ಹರ್ಕೊಳ್ಳಿ, ಉದ್ದ ಹಿಡಿಯ ಮೂರ್ನಾಲ್ಕು ಪಟ್ಟು ಇರ್ಲಿ. ಬ್ಯಾಗಿನ ರಿಂಗಿಗೆ ಗಂಟು ಹಾಕಿ ಶುರು ಮಾಡಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚೋ ಹಾಗೆ ಎಳೆದು ಸುತ್ತಿ, ಆ ಕಡೆ ರಿಂಗಿಗೆ ಎರಡು ಗಂಟು, ಉಳಿದ ತುದಿ ಬೇಕಿದ್ರೆ ಹಾಗೇ ಇಳಿಬಿಡಿ, ಚಂದ ಕಾಣುತ್ತೆ. ಕೊಳೆ ಆದ್ರೆ ಬಿಚ್ಚಿ ಒಗೆದು ಮತ್ತೆ ಸುತ್ತಬಹುದು. ಬ್ಯಾಗಿನ ಮೈಯೇ ಸಿಪ್ಪೆ ಎದ್ದಿದ್ರೆ ಮಾತ್ರ ಅದನ್ನ ಬಿಟ್ಟುಬಿಡಿ, ನಾನೂ ಎರಡು ಬ್ಯಾಗಿಗೆ ಪ್ರಯತ್ನ ಪಟ್ಟೆ, ಉಳಿಸೋಕಾಗ್ಲಿಲ್ಲ.

ಪ್ರಶ್ನೆ: ದಿನಾ ಸೀರೆ ಉಡೋ ಟೀಚರ್ ನಾನು, ಸೆರಗಿನ ಪಿನ್ ಹಾಕೋ ಜಾಗದಲ್ಲೇ ಎಲ್ಲ ಸೀರೆನೂ ತೂತು. (ಚಿಕ್ಕಮಗಳೂರಿನ ಓದುಗರು)

ಉತ್ತರ: ಮುಕ್ಕಾಲು ಪಾಲು ಹರಿಯೋದು ಪಿನ್ನಿನ ಮೊನೆಯಿಂದಲ್ಲ ಟೀಚರ್, ಹಿಂದೆ ಇರೋ ಸುರುಳಿಯಿಂದ. 1849ರಲ್ಲಿ ಅಮೆರಿಕದ ವಾಲ್ಟರ್ ಹಂಟ್ ಪೇಟೆಂಟ್ ತಗೊಂಡ ಪಿನ್ನಲ್ಲೂ ಅದೇ ಸುರುಳಿ ಇತ್ತು, ಪಿನ್ನಿಗೆ ಸ್ಪ್ರಿಂಗ್ ಬರೋದೇ ಅದರಿಂದ, ಬಟ್ಟೆ ನುಸುಳಿ ಸಿಕ್ಕಿಕೊಳ್ಳೋದೂ ಅಲ್ಲೇ. ಪಿನ್ ತೆರೆದು ಒಂದು ಸಣ್ಣ ಮುತ್ತು ಅಥವಾ ಮಣಿ ಪೋಣಿಸಿ ಸುರುಳಿವರೆಗೂ ತಳ್ಳಿ, ಆಮೇಲೆ ಸೀರೆಗೆ ಚುಚ್ಚಿ, ಮಣಿ ಅಡ್ಡ ನಿಂತು ಬಟ್ಟೆನ ಸುರುಳಿ ಹತ್ರ ಬಿಡಲ್ಲ. ಒಂದ್ಸಲ ಮಣಿ ಹಾಕಿ ಹತ್ತು ಪಿನ್ ರೆಡಿ ಮಾಡಿಟ್ಕೊಳ್ಳಿ, ಬೆಳಗಿನ ಅವಸರದಲ್ಲಿ ಹುಡುಕೋ ಕಷ್ಟ ಇರಲ್ಲ.

ಪ್ರಶ್ನೆ: ಚನ್ನಪಟ್ಟಣದ ಮರದ ಮಣಿ ಸರ ದಾರ ಕಿತ್ಕೊಂಡು ಚೆಲ್ಲಾಪಿಲ್ಲಿ ಆಗಿದೆ. ಮತ್ತೆ ಪೋಣಿಸೋವಾಗ ಉದ್ದ ಗಿಡ್ಡ ಮಾಡ್ಕೊಳ್ಳೋ ಹಾಗೆ ಆಗುತ್ತಾ? (ಬೆಂಗಳೂರಿನ ಓದುಗರು)

ಉತ್ತರ: ಖಂಡಿತ ಆಗುತ್ತೆ. ಮೇಣದ ಕಾಟನ್ ದಾರ ತಗೊಳ್ಳಿ, ತುದಿಗೆ ಸ್ವಲ್ಪ ಮೇಣದ ಬತ್ತಿ ಉಜ್ಜಿ ಚೂಪು ಮಾಡಿದ್ರೆ ಸೂಜಿ ಇಲ್ದೇನೇ ಮಣಿಯೊಳಗೆ ಹೋಗುತ್ತೆ. ಪ್ರತಿ ಮಣಿ ಆದ್ಮೇಲೆ ಒಂದು ಗಂಟು ಹಾಕಿ, ಇನ್ನೊಂದ್ಸಲ ದಾರ ಕಿತ್ರೂ ಒಂದೋ ಎರಡೋ ಮಣಿ ಬೀಳುತ್ತೆ, ಎಲ್ಲ ಅಲ್ಲ. ಹಿಂದೆ ಕೊಂಡಿ ಬದಲು ಜಾರುಗಂಟು, ಎರಡು ತುದಿನೂ ಎದುರುಬದುರು ಒಂದರ ಮೇಲೊಂದು ಇಟ್ಟು ಬಲಗಡೆ ತುದಿನ ಎಡಗಡೆ ದಾರದ ಸುತ್ತ ಮೂರು ಸುತ್ತು ಸುತ್ತಿ ಆ ಸುತ್ತಿನೊಳಗಿಂದ್ಲೇ ಎಳೆದು ಬಿಗಿ ಮಾಡಿ, ಎಡಗಡೆ ತುದಿನೂ ಹಾಗೇ ಬಲಗಡೆ ದಾರಕ್ಕೆ. ಗಂಟುಗಳನ್ನ ದೂರ ಎಳೆದ್ರೆ ಸರ ಗಿಡ್ಡ, ಹತ್ರ ತಂದ್ರೆ ಉದ್ದ.

ಆ ಮಣಿಗಳ ಬಣ್ಣ ಅರಗಿನದ್ದು, ಹಾಲೆ ಮರದ ಮಣಿ ಲೇತ್ ಮೆಷಿನ್ನಲ್ಲಿ ತಿರುಗೋವಾಗ ಅರಗಿನ ಕಡ್ಡಿ ಒತ್ತಿ ಹಿಡಿದ್ರೆ ಉಜ್ಜಿದ ಬಿಸಿಗೇ ಕರಗಿ ಹತ್ತಿರುತ್ತೆ. ಹಾಗಾಗಿ ಬಿಸಿಲಲ್ಲಿ ನಿಂತ ಕಾರಲ್ಲಿ ಬಿಡ್ಬೇಡಿ. ಸೆಂಟು, ಸ್ಯಾನಿಟೈಸರ್ ಕೂಡ ಹಾಕ್ಕೊಂಡು ಒಣಗಿದ ಮೇಲೇ ಸರ ಹಾಕ್ಕೊಳ್ಳಿ, ಸ್ಪಿರಿಟ್ ತಾಗಿದ್ರೆ ಅರಗು ಕರಗಿ ಹೊಳಪು ಹೋಗುತ್ತೆ.