ತೋಟದ ದಾರಿಯ ಅನುಭವ ಡಾಕರ್‌ಗೆ ಸಾಕಾ?

"ಮೂಡಿಗೆರೆ ತೋಟದ ದಾರಿಗಳಲ್ಲಿ ನಾಲ್ಕು ವರ್ಷ ಬೈಕ್ ಓಡಿಸಿದ್ದೀನಿ, ಡಾಕರ್ ರ‍್ಯಾಲಿಗೆ ಇದು ಸಾಕಾ?" ಅಂತ ಕೇಳಿದ್ದೀರಿ. ಡಾಕರ್ ಅಂದರೆ ಬೈಕು, ಕಾರುಗಳು ಮರುಭೂಮಿಯಲ್ಲಿ ದಿನಗಟ್ಟಲೆ ಓಡುವ ದೂರದ ಸ್ಪರ್ಧೆ. ಅರ್ಧ ಸಾಕು. ನಾನೂ ಚಿಕ್ಕಮಗಳೂರಿನವನೇ. ನಮ್ಮ ಮಳೆಗಾಲದ ಕೆಸರು, ಜಲ್ಲಿ, ತಿರುವುಗಳು ಕಲಿಸಿದ ಹಿಡಿತ ಎಲ್ಲೂ ವ್ಯರ್ಥವಾಗಲ್ಲ. ಆದರೆ ತೋಟದಲ್ಲಿ ದಾರಿ ಇರುತ್ತೆ, ಮರುಭೂಮಿಯಲ್ಲಿ ದಾರಿಯನ್ನೇ ಹುಡುಕಬೇಕು.

ಮೊಬೈಲ್ ಮ್ಯಾಪ್ ಅಲ್ಲಿ ನಡೆಯಲ್ಲ. ರೋಡ್‌ಬುಕ್ ಒಂದೇ ಗತಿ: ಇಷ್ಟು ಕಿಲೋಮೀಟರ್ ಆದಮೇಲೆ ಇಷ್ಟು ಡಿಗ್ರಿ ದಿಕ್ಕು, ಮುಂದೆ ಹಳ್ಳ, ಎಚ್ಚರ. ಕಾರಿನಲ್ಲಾದರೆ ಪಕ್ಕದಲ್ಲಿ ಕೂತವರು ಓದಿ ಹೇಳ್ತಾರೆ. ಬೈಕಿನವರು ಮರಳುದಿಬ್ಬದ ಮೇಲೆ ನಿಂತು ಓಡಿಸುತ್ತಲೇ ತಾವೇ ಓದಬೇಕು. ವೇಪಾಯಿಂಟ್, ಅಂದರೆ ಹಾದುಹೋಗಲೇಬೇಕಾದ ಜಾಗ, ತಪ್ಪಿದರೆ ದಂಡದ ಸಮಯ ಸೇರುತ್ತೆ. ಹೀಗೆ ಸುಮಾರು ಎರಡು ವಾರ, ದಿನಕ್ಕೆ ನೂರಾರು ಕಿಲೋಮೀಟರ್. ಬೈಕಿನ ಎಂಜಿನ್ ಮಾತ್ರ 450 ಸಿಸಿ ಮೀರುವಂತಿಲ್ಲ.

ಆಗದ ಮಾತೇನಲ್ಲ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ, ಆಗ ದಕ್ಷಿಣ ಅಮೆರಿಕದಲ್ಲಿ ನಡೆಯುತ್ತಿದ್ದ ಡಾಕರ್ ಮುಗಿಸಿ 36ನೇ ಸ್ಥಾನ ಪಡೆದರು. ಕೇರಳದ ಹರಿತ್ ನೋವಾ 2024ರಲ್ಲಿ ಸೌದಿ ಅರೇಬಿಯಾದಲ್ಲಿ ಬೈಕುಗಳ ಎರಡನೇ ದರ್ಜೆಯಾದ ರ‍್ಯಾಲಿ-2 ವಿಭಾಗವನ್ನೇ ಗೆದ್ದರು. ಆದರೆ 2021ರಲ್ಲಿ ಅದೇ ಸೌದಿಯ ಮರುಭೂಮಿಯಲ್ಲಿ ಸಂತೋಷ್ ಬಿದ್ದು ತಲೆಗೆ ಗಂಭೀರ ಪೆಟ್ಟಾಗಿತ್ತು. ದಯವಿಟ್ಟು ಹೆಲ್ಮೆಟ್, ರಕ್ಷಾಕವಚದ ವಿಷಯದಲ್ಲಿ ಜಿಪುಣತನ ಮಾಡಬೇಡಿ.

ಈಗಲೇ ಮಾಡಬಹುದಾದದ್ದು: ಮಲೆನಾಡು ದಾಟಿ ಕಡೂರು ಕಡೆಯ ಬಯಲಿಗೆ ಹೋಗಿ. ಗೆಳೆಯರೊಬ್ಬರ ಕೈಲಿ ರೋಡ್‌ಬುಕ್ ಬರೆಸಿಕೊಂಡು, ದಿಕ್ಸೂಚಿ ಮತ್ತು ಟ್ರಿಪ್ ಮೀಟರ್ ನೋಡಿಕೊಂಡೇ ನಿಧಾನವಾಗಿ ಓಡಿಸಿ. ಅದು ಕೈಗೆ ಹತ್ತಿದ ಮೇಲೆ ಜೈಸಲ್ಮೇರ್‌ನ ಮರಳು ನೋಡಿ.